ವಾಸನೆಯ ದೂರು

ಆ ಓಣಿಯವರು ವಾಸನೆ ಬರುತ್ತಿದೆ ಎಂದು ದೂರು ಕೊಟ್ಟರಂತೆ ಎನ್ನುವುದೇ ಗ್ಯಾಸ್ ಕಚೇರಿಯಲ್ಲಿ ಆ ವಾರವಿಡೀ ನಗುವ ವಿಷಯವಾಗಿತ್ತು.

ನಗಲು ಕಾರಣವೂ ಇತ್ತು. ಓಣಿಯವರು ಊರಿನ ಮೋರಿ ಬಳಿಯುವವರು. ಗಂಡಸರು ಹೆಂಗಸರು ಎನ್ನದೆ ಬೆಳಗಾದರೆ ಸಲಿಕೆ, ಬಾಂಡ್ಲಿ ಹಿಡಿದು ಹೊರಡುವವರು. ಚಪ್ಪಡಿ ಎತ್ತಿ, ಮೊಣಕಾಲುದ್ದ ಇಳಿದು, ಊರು ತಿಂದದ್ದು, ತೊಳೆದದ್ದು, ಬಿಟ್ಟದ್ದು ಎಲ್ಲವನ್ನೂ ಬಾಚಿ ಮೇಲಕ್ಕೆ ಹಾಕುವವರು. ಅವರು ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿಯೇ ಖಾಲಿಯಾಗುತ್ತಿತ್ತು. ಅಂಗಡಿಯವನು ಸಾಮಾನನ್ನು ಅವರ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಅಂಥವರಿಗೆ ಈಗ ವಾಸನೆ ಬರುತ್ತಿದೆಯಂತೆ!

ದೂರು ಕೊಡಲು ಹೋದವಳು ಅಕ್ಕ. ಓಣಿಯ ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಐವತ್ತರ ಹತ್ತಿರದ ಹೆಂಗಸು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಗುಂಡಿ ಅಗೆಯುವ ಕೂಲಿಗೆ ಹೋಗುವ ಮೈದುನ, ದಿಬ್ಬದ ಮೇಲಿನ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುವ ಮಗಳು. ಅಕ್ಕ ಆ ದಿನ ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೋಗಿದ್ದಳು. ಆದರೂ ಕಾವಲುಗಾರ ಬಾಗಿಲಲ್ಲಿ ತಡೆದ. ಕಿಟಕಿಯ ಹೊರಗೆ ನಿಂತು ಹೇಳಬೇಕೆಂದ. ಒಳಗಿನ ಗುಮಾಸ್ತ ಕಿಟಕಿಯನ್ನು ಗೇಣಗಲ ತೆರೆದ.

"ಏನಮ್ಮಾ?"

"ಗ್ಯಾಸ್ ವಾಸನೆ ಬರ್ತಿದೆ ಸ್ವಾಮಿ. ನಮ್ಮ ಓಣೀಲಿ. ಮಕ್ಕಳಿಗೆಲ್ಲ ತಲೆನೋವು."

"ಮನೇಲಿ ಗ್ಯಾಸ್ ಕನೆಕ್ಷನ್ ಇದೆಯಾ?"

"ಇಲ್ಲ. ಸೌದೆ ಒಲೆ."

"ಮತ್ತೆ ಗ್ಯಾಸ್ ಎಲ್ಲಿಂದ ಬಂತು? ದೂರು ಕೊಡೋಕೆ ಗ್ರಾಹಕರಾಗಿರಬೇಕು. ಗ್ರಾಹಕರ ನಂಬರ್ ಹೇಳಿ, ಬರ್ಕೋತೀನಿ."

"ನಂಬರ್ ಇಲ್ಲ ಸ್ವಾಮಿ. ಪೈಪು ನಮ್ಮ ಮನೆಗಳ ಕೆಳಗೇ ಹೋಗುತ್ತೆ."

"ಹೋಗುತ್ತೆ ಸರಿ. ನಿಮಗೋಸ್ಕರ ಹೋಗಲ್ಲವಲ್ಲ!"

ಒಳಗೆ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಇಂಜಿನಿಯರ್ ಆ ಕಡೆ ಬಂದ. ಸಜ್ಜನನೆಂದು ಹೆಸರು ಮಾಡಿದ ಮನುಷ್ಯ. ಬಡವರಿಗೆ ವಿಷಯ ತಿಳಿಸಿ ಹೇಳಬೇಕು ಎನ್ನುವುದು ಅವನ ನಿಲುವು. ಕಿಟಕಿಯ ಹತ್ತಿರ ಬಂದು, ಆದರೆ ತೀರ ಹತ್ತಿರ ಬಾರದೆ, ನಿಧಾನವಾಗಿ ಹೇಳಿದ.

"ನೋಡಮ್ಮಾ, ಈ ಗ್ಯಾಸಿಗೆ ತನ್ನದು ಅಂತ ವಾಸನೇನೇ ಇಲ್ಲ. ಕೆಟ್ಟ ವಾಸನೆ ನಾವೇ ಬೇಕಂತ ಸೇರಿಸ್ತೀವಿ. ಯಾಕೆ ಹೇಳು? ಎಲ್ಲಾದ್ರೂ ಸೋರಿದ್ರೆ ಜನಕ್ಕೆ ಗೊತ್ತಾಗಲಿ, ಬಂದು ಹೇಳಲಿ ಅಂತ."

"ಗೊತ್ತಾಯ್ತು ಸ್ವಾಮಿ. ಬಂದು ಹೇಳ್ತಾ ಇದೀನಿ."

ಇಂಜಿನಿಯರ್ ಕರವಸ್ತ್ರದಿಂದ ಮೂಗು ಒರೆಸಿಕೊಂಡ. "ಅದಲ್ಲ... ನಿಮ್ಮ ಓಣಿ ಅಂದ್ರೆ... ಅಲ್ಲಿ ಯಾವ ವಾಸನೆ ಯಾವುದು ಅಂತ ಹೇಗೆ ಹೇಳೋಕಾಗುತ್ತೆ?"

"ನಮ್ಮ ವಾಸನೆ ನಮಗೆ ಗೊತ್ತು. ಇದು ನಿಮ್ಮದು."

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. "ಭಾರಿ ಮೂಗು ಕಣಯ್ಯ ಇವಳದು. ಮೂಗಮ್ಮ ಅಂತಲೇ ಹೆಸರಿಡಬೇಕು."

"ಮೂಗಮ್ಮ ಅಂತಾನೇ ಕರೀರಿ," ಎಂದಳು ಅಕ್ಕ. "ಮೂಗಿ ಅಂತ ಮಾತ್ರ ತಿಳ್ಕೋಬೇಡಿ. ಬಾಯಿ ಇದೆ."

ಆ ಪೈಪು ಹಾಕುವಾಗ ಅತ್ತೆ ಹೊಸ ಸೊಸೆ. ಗಂಡ ಅಗೆದ ಮಣ್ಣನ್ನು ತಲೆಯ ಮೇಲೆ ಹೊತ್ತು ಹಾಕಿದ್ದರು. ದಿಬ್ಬದ ಮೇಲಿನ ಮನೆಗಳಿಗೆ ಹೋಗಬೇಕಾದ ಪೈಪು ದೊಡ್ಡ ರಸ್ತೆಯಲ್ಲೇ ಹೋಗಬಹುದಿತ್ತು. ಆದರೆ ಅಲ್ಲಿ ದೊಡ್ಡವರ ಕಾಂಪೌಂಡುಗಳಿದ್ದವು. ಓಣಿಯಲ್ಲಿ ಕಾಂಪೌಂಡು ಎಂಬ ತಾಪತ್ರಯವಿರಲಿಲ್ಲ. ಅಂಗಳ ಅಗೆದರು, ಹೂತರು, ಮುಚ್ಚಿದರು. ಅಗೆದವರಿಗೆಲ್ಲ ಮೊದಲು ಕನೆಕ್ಷನ್ ಎಂದು ಆಗಿನ ಸಾಹೇಬ ಹೇಳಿದ್ದನಂತೆ. ಅತ್ತೆ ಅದನ್ನು ನೆನೆಸಿಕೊಂಡು ಆಗಾಗ ನಗುತ್ತಿದ್ದರು. "ಇನ್ನೂ ಬರ್ತಾನೇ ಇದೆ ಕಣೇ ಕನೆಕ್ಷನ್. ದಾರಿ ದೂರ ಪಾಪ."

ಕಚೇರಿಯವರು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಒಬ್ಬನನ್ನು ಕಳಿಸಿದರು. ಕೈಯಲ್ಲಿ ಒಂದು ಯಂತ್ರವಿತ್ತು, ಕಾಲಲ್ಲಿ ಹೊಸ ಬೂಟು. ಓಣಿಯ ಬಾಯಲ್ಲಿ ಒಂದು ಕಲ್ಲಿನ ಮೇಲೆ ನಿಂತು ಯಂತ್ರವನ್ನು ಗಾಳಿಗೆ ಹಿಡಿದ. ಅಕ್ಕ ಒಳಗೆ ಬನ್ನಿ ಎಂದಳು. ಅವನು ಬೂಟು ನೋಡಿಕೊಂಡ. ಇಲ್ಲಿಂದಲೇ ಗೊತ್ತಾಗುತ್ತದೆ ಎಂದ. ಏನೂ ಗೊತ್ತಾಗಲಿಲ್ಲ. ಮಾರನೆಯ ದಿನ ಒಂದು ಗಾಡಿ ಬ್ಲೀಚಿಂಗ್ ಪೌಡರ್ ಬಂತು. ಅದರ ಹಿಂದೆಯೇ ಒಂದು ಬೋರ್ಡು ಬಂತು. ಕೆಂಪು ಅಕ್ಷರ. ಅತ್ತೆ ಮೊಮ್ಮಗಳಿಂದ ಓದಿಸಿದರು.

"'ಎಚ್ಚರಿಕೆ. ಇಲ್ಲಿ ಬೆಂಕಿ ಹಚ್ಚಬಾರದು' ಅಂತ ಅಜ್ಜಿ."

"ಗ್ಯಾಸ್ ಇಲ್ಲ ಅಂದ್ರಲ್ಲೇ?"

"ಹುಷಾರಿಗೆ ಅಂತೆ."

"ಮತ್ತೆ ಅನ್ನ ಮಾಡೋದು ಹೇಗಂತೆ?"

"ಅದು ಬೋರ್ಡಲ್ಲಿ ಬರೆದಿಲ್ಲ."

ಓಣಿಯ ಹೆಂಗಸರು ಒಲೆಗಳನ್ನು ಹೊತ್ತುಕೊಂಡು ಓಣಿಯಾಚೆಯ ಬಯಲಿಗೆ ಹೋದರು. ಅಲ್ಲಿ ಬೇಯಿಸಿ ತಂದು ಇಲ್ಲಿ ತಿನ್ನುವುದು. ಗಾಳಿ ಬೀಸಿದರೆ ಅರ್ಧ ಬೆಂದದ್ದೇ ಊಟ. ಅತ್ತೆಗೆ ಮೊಣಕಾಲು ಹೋಗಿತ್ತು. ಬಯಲಿನವರೆಗೆ ನಡೆಯಲಾಗುತ್ತಿರಲಿಲ್ಲ. ವಯಸ್ಸಿಗೆ ಮೂಗೂ ಮಂದವಾಗಿತ್ತು. ವಾಸನೆ ಬರ್ತಿದೆ ಬರ್ತಿದೆ ಅಂತ ನೀವೇ ಹೇಳಬೇಕು, ನನಗಂತೂ ಏನೂ ಇಲ್ಲ ಎನ್ನುತ್ತಿದ್ದರು. ಎಷ್ಟೋ ದಿನ ಕಳೆದರೂ ಮತ್ತೆ ಯಾರೂ ಬರಲಿಲ್ಲ. ಬೋರ್ಡು ಬಂದಿತ್ತಲ್ಲ, ಇನ್ನೇನು.

ಅತ್ತೆಗೆ ಒಂದು ಅಭ್ಯಾಸವಿತ್ತು. ಸೊಸೆ ಮೋರಿಯಿಂದ ಬರುವ ಹೊತ್ತಿಗೆ ಬಚ್ಚಲಲ್ಲಿ ಕಟ್ಟಿದ ಒಲೆಯ ಮೇಲಿನ ಹಂಡೆಯಲ್ಲಿ ನೀರು ಕಾದಿರಬೇಕು. ದೊಡ್ಡ ಮಗ ಇದ್ದಾಗ ಅವನಿಗೆ ಕಾಯಿಸುತ್ತಿದ್ದರು. ಮಗ ಹೋದಮೇಲೆ ಅವನ ಸಲಿಕೆ ಹಿಡಿದ ಸೊಸೆಗೆ. ಬೋರ್ಡು ಬಂದಮೇಲೆ ಅಕ್ಕ ತಣ್ಣೀರಲ್ಲೇ ಮಿಂದು ಕೆಮ್ಮುತ್ತಿದ್ದಳು. ಅತ್ತೆ ಅದನ್ನು ನೋಡುತ್ತಿದ್ದರು.

ಆ ದಿನ ಅಕ್ಕ ಮಾರುಕಟ್ಟೆಯ ಮೋರಿಯಲ್ಲಿದ್ದಳು. ಸೊಂಟದವರೆಗೆ ಕೆಸರು. ಹೂಳು ಗಟ್ಟಿಯಾಗಿತ್ತು, ಸಲಿಕೆ ಹಿಡಿಸುತ್ತಿರಲಿಲ್ಲ. ಕೈಯಿಂದಲೇ ಬಾಚುತ್ತಿದ್ದಳು. ದಢ್ ಎಂದಿತು. ಮೋರಿಯ ಗೋಡೆ ಬೆನ್ನಿಗೆ ಗುದ್ದಿದ ಹಾಗಾಯಿತು. ಲಾರಿಯ ಟೈರ್ ಹೋಯಿತು ಎಂದರು ಮೇಲಿದ್ದವರು. ಅಕ್ಕ ತಲೆಯೆತ್ತಿದಳು. ಓಣಿಯ ಕಡೆಯಿಂದ ಹೊಗೆ. ಅವಳು ಹಾಗೇ ಓಡಿದಳು. ಕೆಸರು ಸುರಿಯುತ್ತಿತ್ತು. ಜನ ದಾರಿ ಬಿಟ್ಟರು. ಯಾವತ್ತೂ ಬಿಡುತ್ತಿದ್ದ ಹಾಗೆಯೇ, ಮುಖ ಸಿಂಡರಿಸಿ.

ಮನೆಯ ಹಿಂದಿನ ಗೋಡೆ ಇರಲಿಲ್ಲ. ಹಂಡೆ ಪಕ್ಕದ ಮನೆಯ ಮಾಡಿನ ಮೇಲಿತ್ತು. ಮೈದುನ ಅತ್ತೆಯನ್ನು ಗೋಣಿಯಲ್ಲಿ ಸುತ್ತಿ ಹೊರಗೆ ತಂದಿದ್ದ. ಅವನ ಕೈಗಳೂ ಸುಟ್ಟಿದ್ದವು. ನೆಲದ ಬಿರುಕಿನಿಂದ ನೀಲಿ ಉರಿ ಏಳುತ್ತಲೇ ಇತ್ತು, ಯಾರದೋ ಅಡಿಗೆಮನೆಯಲ್ಲಿ ಉರಿಯುವ ಹಾಗೆ ಚೊಕ್ಕವಾಗಿ.

ಆಸ್ಪತ್ರೆಯಲ್ಲಿ ಅತ್ತೆಗೆ ಪ್ರಜ್ಞೆಯಿತ್ತು. ಅಕ್ಕನನ್ನು ಕಂಡು ತುಟಿ ಅಲುಗಿಸಿದರು. ಅಕ್ಕ ಬಗ್ಗಿ ಕಿವಿಯಿಟ್ಟಳು.

"ನೀರು ಕಾಯ್ಸೋಣ ಅಂತ..."

"ಯಾಕೆ ಹೋದ್ರಿ ಅತ್ತೆ? ಹಚ್ಚಬೇಡಿ ಅಂದಿದ್ನಲ್ಲ."

"ನೀನು ಕೆಮ್ತಿದ್ದೆ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. ಆಮೇಲೆ ಅವರ ಕಣ್ಣಲ್ಲಿ ನಗು ಕಾಣಿಸಿತು. "ಬಂತು ನೋಡೇ ಕನೆಕ್ಷನ್."

ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು.

ಗ್ಯಾಸ್ ಕಂಪನಿ ಅದೇ ದಿನ ಪತ್ರಿಕೆಯವರಿಗೆ ಹೇಳಿಕೆ ಕೊಟ್ಟಿತು. ಕಂಪನಿಗೆ ತೀವ್ರ ದುಃಖವಾಗಿತ್ತು. ಎಚ್ಚರಿಕೆಯ ಫಲಕ ಹಾಕಿದ್ದರೂ ವೃದ್ಧೆಯೊಬ್ಬಳು ಬೀಡಿ ಹಚ್ಚಿದ್ದೇ ಅವಘಡಕ್ಕೆ ಕಾರಣವಾಗಿತ್ತು. ಸಾರ್ವಜನಿಕರು ಜವಾಬ್ದಾರಿಯಿಂದ ವರ್ತಿಸಬೇಕಾಗಿತ್ತು. ಅತ್ತೆ ಹೊಗೆಸೊಪ್ಪು ಜಗಿಯುತ್ತಿದ್ದದ್ದು ನಿಜ. ಬೀಡಿಯನ್ನು ಜನ್ಮದಲ್ಲಿ ಮುಟ್ಟಿದವರಲ್ಲ. ಸತ್ತಮೇಲೆ ಕಂಪನಿಯವರೇ ಕಲಿಸಿದರು.

ಅಂತ್ಯಕ್ರಿಯೆ ಮುಗಿದ ಮಾರನೆಯ ದಿನವೇ ಕಂಟ್ರಾಕ್ಟರನ ಮೇಸ್ತ್ರಿ ಬಂದ. ನೆಲದ ಉರಿಯನ್ನು ಅಗ್ನಿಶಾಮಕದವರು ಆರಿಸಿದ್ದರು, ಇನ್ನು ಸೋರುವ ಜಾಗ ಅಗೆಯಬೇಕಿತ್ತು. ಯಂತ್ರ ತಂದರೆ ಕಿಡಿ ಹಾರುತ್ತದೆ, ಕೈಯಲ್ಲೇ ಅಗೆಯಬೇಕು. ಬೇರೆ ಕಡೆಯ ಕೂಲಿಯವರು ಜೀವಕ್ಕೆ ಹೆದರಿ ಒಲ್ಲೆ ಎಂದಿದ್ದರು.

"ನಿಮ್ಮ ಓಣಿ, ನಿಮ್ಮ ಪೈಪು. ನೀವೇ ಮುಂದೆ ಬರಬೇಕಪ್ಪ," ಎಂದ ಮೇಸ್ತ್ರಿ.

"ಪೈಪು ಯಾವಾಗಿಂದ ನಮ್ಮದಾಯ್ತು?" ಎಂದ ಮೈದುನ. ಅವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು.

ಅಕ್ಕ ಗುದ್ದಲಿ ಎತ್ತಿಕೊಂಡಳು. "ಅಗೀತೀನಿ. ಅತ್ತೇನ ತಿಂದಿದ್ದು ಏನು ಅಂತ ನಾನು ಕಣ್ಣಾರೆ ನೋಡಬೇಕು."

ಮೇಲಿನ ವಾಲ್ವ್ ಬಂದ್ ಮಾಡಿ ಎಂದು ಕೇಳಿದರೆ, ಒತ್ತಡ ಕಡಿಮೆ ಮಾಡಿದ್ದೇವೆ, ಪೂರ್ತಿ ನಿಲ್ಲಿಸಿದರೆ ದಿಬ್ಬದ ಮನೆಗಳಿಗೆ ತೊಂದರೆ ಎಂದರು. ಅಲ್ಲಿ ಮಕ್ಕಳು ಮರಿ ಇದ್ದಾರೆ ಎಂದರು. ಅಕ್ಕ ಒದ್ದೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು ಇಳಿದಳು. ಓಣಿಯ ಇನ್ನಿಬ್ಬರು ಹೆಂಗಸರು ಇಳಿದರು. ಅಗೆದರು. ಮಣ್ಣೇ ನಾರುತ್ತಿತ್ತು. ಬಾಂಡ್ಲಿ ತುಂಬಿ ಮೇಲೆ ಎತ್ತುವಾಗ ತಲೆ ಗಿರ್ರೆನ್ನುತ್ತಿತ್ತು. ಒಬ್ಬಳು ಗುಂಡಿಯಲ್ಲೇ ಕಕ್ಕಿದಳು. ಅವಳನ್ನು ಮೇಲೆ ಎಳೆದು ಇನ್ನೊಬ್ಬಳು ಇಳಿದಳು. ಅಂಗೈಯ ಹಳೆಯ ಜಡ್ಡು ಒಡೆದು ಗುದ್ದಲಿಯ ಕಾವು ಜಾರತೊಡಗಿತು. ಮೇಸ್ತ್ರಿ ದೂರದಲ್ಲಿ, ಗಾಳಿ ಬರುವ ಕಡೆ ನಿಂತು, ಬೇಗ ಬೇಗ ಎನ್ನುತ್ತಿದ್ದ.

ಎದೆಮಟ್ಟ ಅಗೆದಾಗ ಪೈಪು ಕಂಡಿತು. ಅಕ್ಕ ಕೈಯಿಂದ ಮಣ್ಣು ಸವರಿದಳು. ಸವರಿದಂತೆಲ್ಲ ಕಬ್ಬಿಣ ಹಪ್ಪಳದ ಹಾಗೆ ಎದ್ದು ಬಂತು. ಒಂದು ಕಡೆ ತೂತು ಮುಚ್ಚಲು ಪಟ್ಟಿ ಬಿಗಿದಿತ್ತು. ಅದರ ಪಕ್ಕ ಇನ್ನೊಂದು. ಅದರಾಚೆ ಟೈರಿನ ತುಂಡು ಸುತ್ತಿ ತಂತಿ ಕಟ್ಟಿದ್ದರು. ತಂತಿಯೂ ತುಕ್ಕು ತಿಂದಿತ್ತು. ಅದರ ಅಡಿಯಿಂದ ಬುಸ್ಸೆಂದು ಗ್ಯಾಸು ಬರುತ್ತಿತ್ತು.

ಅಕ್ಕ ನೋಡುತ್ತಾ ನಿಂತಳು. ಈ ಪಟ್ಟಿಗಳು ಮಣ್ಣಿನಲ್ಲಿ ತಾವಾಗಿ ಹುಟ್ಟಿದವಲ್ಲ. ಯಾರೋ ಅಗೆದು, ಕಟ್ಟಿ, ಮುಚ್ಚಿ ಹೋಗಿದ್ದರು. ಅವಳಿಗೆ ನೆನಪಾಯಿತು. ಹಿಂದೆ ಎರಡು ಮೂರು ಸಲ ಇದೇ ಜಾಗದಲ್ಲಿ ಕಂಪನಿಯವರು ಅಗೆದಿದ್ದರು. ಏನು ಎಂದು ಕೇಳಿದ್ದಕ್ಕೆ ಕುಡಿಯುವ ನೀರಿನ ಲೈನು ಎಂದಿದ್ದರು. ಓಣಿಯವರು ಖುಷಿಯಿಂದ ಅವರಿಗೆ ಚಹಾ ಕಾಯಿಸಿಕೊಟ್ಟಿದ್ದರು. ಆಮೇಲೆ ಬಹಳ ದಿನ ನಲ್ಲಿ ಬರುತ್ತದೆಂದು ಕಾದಿದ್ದರು.

ಮಧ್ಯಾಹ್ನದ ಹೊತ್ತಿಗೆ ಇಂಜಿನಿಯರ್ ಬಂದ. ಗುಂಡಿಯ ಅಂಚಿಗೆ ಬಾರದೆ ಮೇಸ್ತ್ರಿಯ ಹೆಗಲ ಮೇಲಿಂದ ಇಣುಕಿದ.

"ಇನ್ನೊಂದು ಪಟ್ಟಿ ಬಿಗಿದು ಮುಚ್ಚಿಬಿಡಿ. ಸಂಜೆಯೊಳಗೆ ಆಗಬೇಕು. ತಾತ್ಕಾಲಿಕ."

"ತಾತ್ಕಾಲಿಕ ಅಂದ್ರೆ ಎಲ್ಲೀವರೆಗೆ ಸ್ವಾಮಿ?" ಗುಂಡಿಯೊಳಗಿಂದ ಅಕ್ಕ ಕೇಳಿದಳು.

"ಹೊಸ ಪೈಪಿಗೆ ಮಂಜೂರಾತಿ ಬರಬೇಕಮ್ಮ. ಅಲ್ಲೀವರೆಗೆ."

"ಈ ತಂತಿ ಕಟ್ಟಿದಾಗಲೂ ಅಲ್ಲೀವರೆಗೆ ಅಂತಾನೇ ಕಟ್ಟಿದ್ರಾ?"

ಇಂಜಿನಿಯರ್ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಎದುರುಮನೆಯ ಮಾಡು ನೋಡತೊಡಗಿದ.

"ನೋಡಮ್ಮಾ, ನಿನ್ನ ನೋವು ನನಗೆ ಅರ್ಥವಾಗುತ್ತೆ. ಆದ್ರೆ ಇದು ಸಣ್ಣ ಸೋರಿಕೆ. ಇದರಿಂದ ಅಪಾಯ ಏನಿಲ್ಲ. ಆವತ್ತು ಆಗಿದ್ದು ಬೇರೆ, ಬೀಡಿಯಿಂದ. ಮೇಲೆ ಬಾ, ಮುಚ್ಚಲಿ."

ಅಕ್ಕ ಟವೆಲ್ ಬಿಚ್ಚಿದಳು. ಅವಳ ಮುಖ ಬೆವರಿನಲ್ಲಿ ತೊಯ್ದಿತ್ತು. ದನಿ ಏರಲಿಲ್ಲ.

"ಬರಲ್ಲ. ಮುಚ್ಚೋದಾದ್ರೆ ನನ್ನ ಮೇಲೇ ಮುಚ್ಚಿ."

"ಏಯ್, ಏನು ನಾಟಕ ಇದು?" ಮೇಸ್ತ್ರಿ ಮುಂದೆ ಬಂದ.

"ಮಗಳೇ," ಅಕ್ಕ ಕೂಗಿದಳು, "ಬೆಂಕಿಪೊಟ್ಟಣ ತಾ."

ಮಗಳು ಒಂದು ಸಲ ತಾಯಿಯ ಮುಖ ನೋಡಿದಳು, ಒಳಗೆ ಹೋದಳು, ತಂದಳು. ಅಕ್ಕ ಅದನ್ನು ತೆರೆಯಲಿಲ್ಲ. ಗುಂಡಿಯ ಅಂಚಿನ ಮೇಲೆ, ಇಂಜಿನಿಯರನ ಕಡೆಗೆ ಸರಿಸಿ ಇಟ್ಟಳು.

"ನಮ್ಮತ್ತೆಗೆ ಓದು ಬರ್ತಿರಲಿಲ್ಲ. ನಿಮಗೆ ಬರುತ್ತೆ. ಅಪಾಯ ಇಲ್ಲ ಅಂತ ನೀವೇ ಹೇಳ್ತಿದೀರಿ. ಹಾಗಾದ್ರೆ ಇಲ್ಲಿ ಬಂದು ಒಂದು ಕಡ್ಡಿ ಗೀರಿ ಸ್ವಾಮಿ. ನಾನು ಇಲ್ಲೇ ಇರ್ತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ?"

"ಗೀರಿ. ಗೀರಿದ್ಮೇಲೆ ಏನೂ ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಬಂದು ಮಣ್ಣು ಹಾಕ್ತೀನಿ. ನಮ್ಮತ್ತೆ ಬೀಡಿ ಸೇದಿದ್ರು ಅಂತಾನೂ ಒಪ್ಕೋತೀನಿ."

ಓಣಿಯ ಹೆಂಗಸರು ಮುಂದೆ ಬಂದರು. ಯಾರೂ ಕರೆದಿರಲಿಲ್ಲ. ಒಬ್ಬೊಬ್ಬರಾಗಿ ಬಂದು ಗುಂಡಿಯ ಸುತ್ತ ಕುಳಿತರು. ಸುಟ್ಟ ಕೈಗಳ ಮೈದುನನೂ ಬಂದು ಕುಳಿತ. "ಗೀರಿ ಸಾರ್," ಎಂದಳು ಒಬ್ಬ ಮುದುಕಿ, ಮನೆಗೆ ಬಂದ ನೆಂಟರಿಗೆ ಊಟಕ್ಕೆ ಏಳಿ ಎನ್ನುವಷ್ಟು ಮರ್ಯಾದೆಯಿಂದ. "ಗೀರಿ, ನಾವೂ ನೋಡ್ತೀವಿ."

ಮೊದಲು ಹಿಂದೆ ಸರಿದವನು ಮೇಸ್ತ್ರಿ. ಅವನು ಸರಿದ ಕೂಡಲೇ ಅವನ ಹೆಗಲ ಮರೆಯಲ್ಲಿದ್ದ ಇಂಜಿನಿಯರ್ ಒಬ್ಬನೇ ಉಳಿದ. ಅವನೂ ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು ಹೆಜ್ಜೆ. ಗೋಡೆಗೆ ಬೆನ್ನು ತಾಗಿತು. ಕುಳಿತವರು ಯಾರೂ ಅಲುಗಲಿಲ್ಲ. ಅವನು ಬೆಂಕಿಪೊಟ್ಟಣವನ್ನು ಹಾವು ನೋಡುವ ಹಾಗೆ ನೋಡುತ್ತಾ ಜೇಬಿನಿಂದ ಫೋನ್ ತೆಗೆದ. ಅದನ್ನು ಒತ್ತಲೂ ಹೆದರಿ, ಓಣಿಯ ಬಾಯಿಯವರೆಗೆ ಓಡಿ ಹೋಗಿ, ಅಲ್ಲಿಂದ ಕಿರುಚಿದ.

"ವಾಲ್ವ್ ಬಂದ್ ಮಾಡ್ರೀ! ಪೂರ್ತಿ ಬಂದ್ ಮಾಡಿ! ಈಗಲೇ!"

ದಿಬ್ಬದ ಮೇಲೆ ಒಲೆಗಳು ಆರಿದವು. ಮುಂದೆ ಆದದ್ದನ್ನು ಓಣಿಯವರು ಬಾಯಿಬಿಟ್ಟುಕೊಂಡು ನೋಡಿದರು. ಅತ್ತೆ ಸುಟ್ಟುಹೋದ ದಿನ ಬಾರದ ಕಾರುಗಳು ಬಂದವು. ಬೂಟು ಹಾಕಿದವರು ಬಂದು ಕೆಸರಲ್ಲೇ ನಿಂತರು. ಕಂಪನಿಯ ದೊಡ್ಡವರು ಬಂದರು, ಅವರಿಗಿಂತ ದೊಡ್ಡವರು ಬಂದರು. ಗುಂಡಿಯಲ್ಲಿ ಇಣುಕಿದವರೆಲ್ಲ ಇದೇನಿದು, ಇಷ್ಟು ಹಳೆಯದಾ, ನಮಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಮಗಳು ಮಾರನೆಯ ದಿನ ಕೆಲಸಕ್ಕೆ ಹೋದವಳು ಬೇಗನೆ ತಿರುಗಿ ಬಂದಳು.

"ಅಮ್ಮಾ, ಮನೆಯೊಡತಿ ಕೇಳಿದ್ರು. 'ನಿಮ್ಮ ಜನಕ್ಕೆ ಒಂಚೂರಾದ್ರೂ ಜವಾಬ್ದಾರಿ ಬೇಡ್ವಾ, ನಿನ್ನೆಯಿಂದ ನಾವು ಬ್ರೆಡ್ ತಿಂತಿದೀವಿ' ಅಂತ."

"ನೀನೇನಂದೆ?"

"ನಮ್ಮಜ್ಜಿ ಹೋಗಿದ್ದು ನಿಮಗೆ ಗೊತ್ತಾ ಅಂದೆ. ಗೊತ್ತು, ಪಾಪ, ಆದ್ರೆ ಅದಕ್ಕೂ ಇದಕ್ಕೂ ಏನು ಸಂಬಂಧ ಅಂದ್ರು."

"ಆಮೇಲೆ?"

"ಅರ್ಧ ತೊಳೆದ ಪಾತ್ರೆ ಅಲ್ಲೇ ಬಿಟ್ಟು ಬಂದೆ."

ಅಕ್ಕ ಮಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.

ವರ್ಷಗಟ್ಟಲೆ ಬಾರದ ಮಂಜೂರಾತಿ ವಾರದೊಳಗೆ ಬಂತು. ಹೊಸ ಪೈಪು ದೊಡ್ಡ ರಸ್ತೆಯಲ್ಲೇ ಹೋಯಿತು. ಅದಕ್ಕಾಗಿ ಒಂದೇ ಒಂದು ಕಾಂಪೌಂಡನ್ನೂ ಒಡೆಯಬೇಕಾಗಲಿಲ್ಲ. ಇಂಜಿನಿಯರನಿಗೆ ಸಮಯಪ್ರಜ್ಞೆಯಿಂದ ವಾಲ್ವ್ ನಿಲ್ಲಿಸಿ ದೊಡ್ಡ ಅನಾಹುತ ತಪ್ಪಿಸಿದ್ದಕ್ಕೆ ಬಡ್ತಿ ಸಿಕ್ಕಿತು. ಹಳೆಯ ಪೈಪನ್ನು ಗಾಳಿ ಹೊಡೆದು ಖಾಲಿ ಮಾಡಿ ಮಣ್ಣಿನಲ್ಲೇ ಬಿಟ್ಟರು. ಓಣಿಯವರು ಒಲೆಗಳನ್ನು ಬಯಲಿನಿಂದ ಮನೆಗೆ ತಂದರು.

ಉಳಿದದ್ದು ವಿಚಾರಣೆ. ಅದು ಶಾಸ್ತ್ರಕ್ಕೆ ಆಗಬೇಕಿತ್ತು. ಸಾಲಾಗಿ ಕುರ್ಚಿ ಹಾಕಿದ ಒಂದು ಕೋಣೆ. ಅಕ್ಕನನ್ನು ಮಾತ್ರ ಕರೆದಿದ್ದರು. ಓಣಿಗೆ ಓಣಿಯೇ ಬಂದು ಕುರ್ಚಿಗಳಲ್ಲಿ ಕುಳಿತಿತು. ಕಂಪನಿಯವರು ಗೋಡೆಗೆ ಒರಗಿ ನಿಂತರು. ಅಧಿಕಾರಿಗೆ ಬೇರೆ ಕೆಲಸವಿತ್ತು.

"ಆ ದಿನ ಮನೆಯಲ್ಲಿ ಬೆಂಕಿ ಹಚ್ಚಿದ್ದು ಯಾರು?"

"ನಮ್ಮತ್ತೆ."

"ಆಯ್ತು. ಬರ್ಕೊಳ್ರಿ. ಹೋಗಬಹುದು ನೀವು."

"ಮನೆ ತುಂಬ ಗ್ಯಾಸ್ ತುಂಬಿದ್ದು ಯಾರು ಅಂತ ಕೇಳಲಿಲ್ಲವಲ್ಲ ಸ್ವಾಮಿ."

"ಅದು ಈ ವಿಚಾರಣೆಯ ವ್ಯಾಪ್ತಿಗೆ ಬರಲ್ಲಮ್ಮ. ಬೆಂಕಿ ಹತ್ತಿದ್ದು ಹೇಗೆ ಅಂತಷ್ಟೇ."

"ಹಾಗಾದ್ರೆ ವ್ಯಾಪ್ತಿಗೆ ಬರೋವರೆಗೆ ಕೂತಿರ್ತೀವಿ."

ಕುಳಿತರು. ಅಧಿಕಾರಿ ಗದರಿದ. ಕುಳಿತೇ ಇದ್ದರು. ಕಂಪನಿಯವರು ಪೊಲೀಸರನ್ನು ಕರೆಯೋಣ ಎಂದರು. ಬಾಗಿಲ ಹೊರಗೆ ಪತ್ರಿಕೆಯವರಿದ್ದರು, ಬೇಡ ಎಂದ ಅಧಿಕಾರಿ. ಊಟದ ಹೊತ್ತು ಮೀರಿತು. ಹಸಿವು ತಡೆಯುವುದರಲ್ಲಿ ಆ ಕೋಣೆಯ ಎರಡು ಪಂಗಡಗಳಿಗೆ ಹೋಲಿಕೆಯೇ ಇರಲಿಲ್ಲ. ಕೊನೆಗೆ ಅಧಿಕಾರಿಯೇ ಸೋತು ಕನ್ನಡಕ ತೆಗೆದಿಟ್ಟ.

"ಹೇಳಮ್ಮ. ಏನು ಬರೀಬೇಕು? ಒಂದೇ ಮಾತಲ್ಲಿ ಹೇಳು."

ಅಕ್ಕ ಎದ್ದು ನಿಂತಳು. ನಿಧಾನವಾಗಿ, ಬರೆಯುವವನ ಕೈಗೆ ಸಿಗುವಂತೆ ಹೇಳಿದಳು. ಕಂಪನಿಯ ಪೈಪು ತೂತಾಗಿತ್ತು. ಅದು ಕಂಪನಿಗೆ ಗೊತ್ತಿತ್ತು. ನಾವು ಹೋಗಿ ಹೇಳಿದೆವು. ಯಾರೂ ಕೇಳಲಿಲ್ಲ. ಸೊಸೆಗೆ ನೀರು ಕಾಯಿಸಲು ಒಲೆ ಹಚ್ಚಿ ಅತ್ತೆ ಸತ್ತರು.

ಬರೆಯುವವನು ಬರೆದ. "ಓದಿ," ಎಂದಳು. ಅವನು ಗಡಿಬಿಡಿಯಲ್ಲಿ ಓದಿದ. "...ನೀರು ಕಾಯಿಸಲು ಒಲೆ ಹಚ್ಚಿ ಮುದುಕಿ ಸತ್ತಳು."

"ನಾನು ಹಾಗೆ ಹೇಳಲಿಲ್ಲ."

"ಅದೇ ಅರ್ಥ ಅಲ್ವೇನಮ್ಮ? ಸತ್ತಳು ಅಂದ್ರೂ ಒಂದೇ, ಸತ್ತರು ಅಂದ್ರೂ ಒಂದೇ."

"ನಿಮ್ಮ ತಾಯಿಗೂ ಹಾಗೇ ಬರೀತೀರಾ?"

ಬರೆಯುವವನು ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಕಿಟಕಿಯ ಕಡೆ ನೋಡಿದ. ಬರೆಯುವವನು ತಲೆ ತಗ್ಗಿಸಿ ಗೀಟು ಎಳೆದು ಮತ್ತೆ ಬರೆದ. ಈ ಸಲ ಕೇಳುವ ಮೊದಲೇ ಓದಿದ. ಓದುವಾಗ ಅವನಿಗೇ ತಿಳಿಯದ ಹಾಗೆ ಕುರ್ಚಿಯಿಂದ ಅರ್ಧ ಎದ್ದಿದ್ದ.

"...ಅತ್ತೆಯವರು ತೀರಿಕೊಂಡರು."